ಆಲೆಮರ, ಅರಗು ಮತ್ತು ಐಎಸ್ 9873

ಆಟಿಕೆಗಳನ್ನು ಪರೀಕ್ಷಿಸುವ ಪ್ರಯೋಗಾಲಯಗಳಲ್ಲಿ ಒಂದು ಪುಟ್ಟ ಕೊಳವೆ ಇರುತ್ತದೆ. ಒಳವ್ಯಾಸ 31.7 ಮಿಲಿಮೀಟರ್, ತಳ ಓರೆ. ಎಳೆಮಗುವಿನ ಗಂಟಲನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು. ಆಟಿಕೆಯಾಗಲಿ, ಅದರಿಂದ ಕಳಚಿದ ತುಂಡಾಗಲಿ, ಒತ್ತದೆಯೇ ಪೂರ್ತಿ ಅದರೊಳಗೆ ಇಳಿದರೆ ಮೂರು ವರ್ಷದೊಳಗಿನ ಮಗುವಿಗೆ ಅದು ಕೂಡದು. ಭಾರತೀಯ ಮಾನಕ ಬ್ಯೂರೋದ ಐಎಸ್ 9873ರ ಮೊದಲ ಭಾಗದಲ್ಲಿ ಈ ಕೊಳವೆಯ ವಿವರವಿದೆ. ಮೂರನೇ ಭಾಗ ಸೀಸ, ಪಾದರಸ, ಕ್ಯಾಡ್ಮಿಯಂ ಮುಂತಾದ ಎಂಟು ಧಾತುಗಳ ಕುರಿತದ್ದು. ಮಗು ಚೀಪಿದಾಗ ಬಣ್ಣದಿಂದ ಎಷ್ಟು ಸೀಸ ಕರಗಿ ಬರಬಹುದು? ಕೆಜಿಗೆ 90 ಮಿಲಿಗ್ರಾಂ, ಅದಕ್ಕಿಂತ ಹೆಚ್ಚಿಲ್ಲ.

ಇಂಥ ದಾಖಲೆಗಳನ್ನು ನಾನು ಕಥೆ ಓದಿದ ಹಾಗೆ ಓದುತ್ತೇನೆ, ಪಿಎಚ್.ಡಿ. ಹಚ್ಚಿದ ಚಾಳಿ. ಈ ಪಠ್ಯಕ್ಕೆ ಕರ್ತೃವಿಲ್ಲ, ಊರಿಲ್ಲ. ಪಾತ್ರ ಒಂದೇ, ಮಗು. ಅದು ಕಚ್ಚುತ್ತದೆ, ಎಳೆಯುತ್ತದೆ, ಬೀಳಿಸುತ್ತದೆ. ಪಕ್ಕದಲ್ಲಿ ಅಜ್ಜಿ ಕೂತಿರುವುದಿಲ್ಲ. ಆಟಿಕೆ ಮಾಡಿದವನ ಪರಿಚಯ ಮನೆಯವರಿಗಿರುವುದಿಲ್ಲ. ಪರಿಚಯದ ಜಾಗದಲ್ಲಿ ಸಂಖ್ಯೆ ಬಂದು ಕೂತಿದೆ. ಜರ್ಮನಿಯ ಸಮಾಜಶಾಸ್ತ್ರಜ್ಞ ಉಲ್ರಿಚ್ ಬೆಕ್ 1986ರಲ್ಲೇ ಹೇಳಿದ್ದ: ನಮ್ಮ ಕಾಲದ ಅಪಾಯಗಳು ಕಣ್ಣಿಗೆ, ಮೂಗಿಗೆ ಸಿಕ್ಕುವಂಥವಲ್ಲ, ಅವನ್ನು ತಿಳಿಯಲು ತಜ್ಞರ ಉಪಕರಣ ಬೇಕು. ಬಣ್ಣದಲ್ಲಿ ಸೀಸವಿದೆಯೋ ಇಲ್ಲವೋ ಎಂದು ಎಷ್ಟೇ ಪಳಗಿದ ಕೈಯೂ ಮುಟ್ಟಿ ಹೇಳಲಾರದು.

ಈ ಪಠ್ಯ ಚನ್ನಪಟ್ಟಣಕ್ಕೆ ಬಂದ ಬಗೆ ಸ್ವಾರಸ್ಯವಾಗಿದೆ. ಕೇಂದ್ರ ಸರ್ಕಾರ 2020ರ ಫೆಬ್ರವರಿಯಲ್ಲಿ ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶ ಹೊರಡಿಸಿತು. 2021ರ ಜನವರಿ 1ರಿಂದ ಐಎಸ್‌ಐ ಮುದ್ರೆ ಇಲ್ಲದ ಆಟಿಕೆ ಮಾರುವಂತಿಲ್ಲ. ಕಣ್ಣಿದ್ದದ್ದು ಚೀನಾದ ಪ್ಲಾಸ್ಟಿಕ್ಕಿನ ಮೇಲೆ. ಅದೇ ತಿಂಗಳು ಆಮದು ಸುಂಕ ಶೇ. 20ರಿಂದ 60ಕ್ಕೆ ಏರಿದ್ದು ಕಾಕತಾಳೀಯವಲ್ಲ. ಆದರೆ ಆದೇಶದ ಬಲೆಗೆ ಬೊಂಬೆನಾಡೂ ಬಿತ್ತು. ಎರಡು ಲೇತು ಹಾಕಿಕೊಂಡ ಮನೆ ಪರವಾನಗಿ, ಪ್ರಯೋಗಾಲಯ ಅಂತ ಎಲ್ಲಿಗೆ ಹೋದೀತು? ಜಾರಿಗೆ ಮೊದಲೇ, 2020ರ ಡಿಸೆಂಬರಿನಲ್ಲಿ ತಿದ್ದುಪಡಿ ಬಂತು. ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿತರಾದ ಕುಶಲಕರ್ಮಿಗಳಿಗೂ, ಭೌಗೋಳಿಕ ಸೂಚಕದ ಅಧಿಕೃತ ಬಳಕೆದಾರರಿಗೂ ವಿನಾಯಿತಿ. ಚನ್ನಪಟ್ಟಣದ ಆಟಿಕೆಗೆ ಆ ಸೂಚಕ ಮೊದಲೇ ಇತ್ತಾದ್ದರಿಂದ ಎಲ್ಲರೂ ನಿಟ್ಟುಸಿರು ಬಿಟ್ಟರು.

ನನ್ನ ತಕರಾರು ಇರುವುದು ಇಲ್ಲೇ. ಈ ವಿನಾಯಿತಿ ಸಿಕ್ಕಿದ್ದು ವಸ್ತುವಿಗಲ್ಲ, ಮಾಡುವವನ ಕೈಯಲ್ಲಿರುವ ಚೀಟಿಗೆ. ಒಂದೇ ಬೀದಿ, ಒಂದೇ ಆಲೆಮರ, ಒಂದೇ ಅರಗು. ನೋಂದಣಿ ಇದ್ದವನ ಬುಗುರಿ ಸುರಕ್ಷಿತ, ಇಲ್ಲದವನದು ಕಾನೂನುಬಾಹಿರ. ಭೌಗೋಳಿಕ ಸೂಚಕ ಊರಿಗೆ ಸಿಕ್ಕಿದ ಮಾತ್ರಕ್ಕೆ ಊರಿನವರೆಲ್ಲ ಅಧಿಕೃತ ಬಳಕೆದಾರರಾಗುವುದಿಲ್ಲ, ಅದಕ್ಕೆ ಪ್ರತ್ಯೇಕ ಅರ್ಜಿ ಹಾಕಬೇಕು.

ಅಮೆರಿಕದಲ್ಲಿ ನಡೆದದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. 2007ರಲ್ಲಿ ಮ್ಯಾಟೆಲ್ ಕಂಪನಿ ಸೀಸದ ಬಣ್ಣವಿದ್ದ ಆಟಿಕೆಗಳನ್ನು ಲಕ್ಷಗಟ್ಟಲೆ ವಾಪಸು ಪಡೆಯಿತು. ಮರುವರ್ಷವೇ ಕಟು ಕಾನೂನು. ಅಲ್ಲಿನ ಸಣ್ಣ ಮರದಾಟಿಕೆ ತಯಾರಕರೂ ಹೀಗೇ ಕಂಗಾಲಾದರು. ಆಮೇಲೆ ನಿಯಂತ್ರಕರು ಒಪ್ಪಿದ್ದು, ಬಣ್ಣ ಬಳಿಯದ ಮರದಲ್ಲಿ ಸೀಸ ಹುಡುಕಬೇಕಿಲ್ಲ ಎಂದು. 2011ರ ತಿದ್ದುಪಡಿ ಸಣ್ಣ ತಯಾರಕರಿಗೆ ಇನ್ನಷ್ಟು ರಿಯಾಯಿತಿ ಕೊಟ್ಟಿತು. ಆದರೂ ಬಣ್ಣದ ಸೀಸದ ಪರೀಕ್ಷೆಯನ್ನು ಯಾರಿಗೂ ಬಿಡಲಿಲ್ಲ. ಅಪಾಯ ಎಲ್ಲಿ ಕೂತಿದೆ ಎಂದು ಹುಡುಕಿ, ಉಳಿದ ಕಡೆ ಹಗ್ಗ ಸಡಿಲಿಸಿದ ಕ್ರಮ ಅದು. ನಮ್ಮದು ಅಪಾಯವನ್ನು ಬಿಟ್ಟು ಪರಂಪರೆಯನ್ನು ಹುಡುಕಿತು.

ಚನ್ನಪಟ್ಟಣದಲ್ಲಿ ಅಪಾಯ ಕೂರಬಹುದಾದ ಜಾಗ ಕಿರಿದು. ಆಲೆಮರ ಬಿಳಿ, ಮೆದು. ಲೇತಿನ ಮೇಲೆ ಅದು ಗಿರ್ರನೆ ತಿರುಗುವಾಗ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ಗರಿ ಒತ್ತಿ ಹೊಳಪು ಕೊಡುವುದು. ಕುಂಚವಿಲ್ಲ, ಥಿನ್ನರ್ ಇಲ್ಲ. ಪ್ರಶ್ನೆ ಇರುವುದು ಅರಗಿಗೆ ಬೆರೆಸುವ ಪುಡಿಯಲ್ಲಿ ಮಾತ್ರ. ಅರಿಶಿನ ತಾನೇ, ಏನಾದೀತು ಎನ್ನುವ ಹಾಗೂ ಇಲ್ಲ. ಬಾಂಗ್ಲಾದೇಶದಲ್ಲಿ ಅರಿಶಿನದ ಹೊಳಪಿಗೆ ಸೀಸದ ಕ್ರೋಮೇಟ್ ಬೆರೆಸುತ್ತಿದ್ದದ್ದು 2019ರಲ್ಲಿ ಸಂಶೋಧಕರಿಂದಲೇ ಬಯಲಾಯಿತು. ‘ನೈಸರ್ಗಿಕ’ ಎಂಬ ಚೀಟಿ ಅಂಟಿಸಿ ಮಾರುವವರು ಇದನ್ನು ಓದಬೇಕು. ಹಾಗಿರುವಾಗ ಪ್ರತಿ ಆಟಿಕೆಯ ಬೆನ್ನು ಹತ್ತುವ ಬದಲು, ಬಣ್ಣದ ಪುಡಿ ಊರಿಗೆ ಬಂದಿಳಿಯುವ ಕಡೆಯೇ ಸರ್ಕಾರದ ಖರ್ಚಿನಲ್ಲಿ ಪರೀಕ್ಷೆ ಮಾಡಿದರೆ ಸಾಲದೆ? ಬಡವನ ಮೇಲೆ ಹೊರೆ ಬೀಳುವುದಿಲ್ಲ, ಚೀಪುವ ಮಗುವೂ ಲೆಕ್ಕದಿಂದ ತಪ್ಪುವುದಿಲ್ಲ. ರಾಮನಗರದ ಮಾರುಕಟ್ಟೆಗೆ ಬರುವ ರೇಷ್ಮೆಗೂಡನ್ನು ಒಂದೇ ಸೂರಿನಡಿ ತೂಗಿ ಹರಾಜು ಹಾಕುವ ಜಿಲ್ಲೆಗೆ ಇದು ತಿಳಿಯದ ವಿದ್ಯೆಯೇನಲ್ಲ.

ಐಎಸ್ 9873 ಮಾತಾಡದ ಇನ್ನೊಂದು ದೇಹವಿದೆ. ಲೇತಿನ ಮುಂದೆ ದಿನವಿಡೀ ಕೂರುವವರ ಮೂಗಿಗೆ ಹೋಗುವ ಮರದ ಪುಡಿ, ಉಳಿಯ ಹತ್ತಿರ ಆಡುವ ಬೆರಳು. ಅದು ಆಟಿಕೆ ಮಾನಕದ ಕೆಲಸವಲ್ಲ, ಕಾರ್ಖಾನೆ ಕಾಯ್ದೆಯದು ಎನ್ನಬಹುದು. 1948ರ ಆ ಕಾಯ್ದೆ ವಿದ್ಯುತ್ ಬಳಸುವ ಕಡೆ 10 ಜನ ಕೆಲಸಗಾರರಿದ್ದರೆ ಅನ್ವಯವಾಗುತ್ತಿತ್ತು. ಅದರ ಜಾಗಕ್ಕೆ ಬಂದ 2020ರ ಸಂಹಿತೆಯಲ್ಲಿ ಆ ಸಂಖ್ಯೆ 20 ಆಗಿದೆ. ಎರಡು ಲೇತಿನ ಮನೆಯಲ್ಲಿ ಸಾಮಾನ್ಯವಾಗಿ ಇರುವುದು ಗಂಡ, ಹೆಂಡತಿ, ಹೆಚ್ಚೆಂದರೆ ಮತ್ತಿಬ್ಬರು.