ಹೊಗೆಯಿಲ್ಲದ ಅಣಕು ಪ್ರದರ್ಶನ

ಬೆಂಗಳೂರಿನ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಗಾಜಿನ ಕಟ್ಟಡಗಳಲ್ಲಿ ನಡೆಯುವ ಅಗ್ನಿ ಅಣಕು ಪ್ರದರ್ಶನ ಬಲು ಅಚ್ಚುಕಟ್ಟು. ಸೈರನ್ ಕೂಗುತ್ತದೆ, ಐಡಿ ಕಾರ್ಡು ತೂಗುಹಾಕಿಕೊಂಡವರು ಹರಟುತ್ತಲೇ ಮೆಟ್ಟಿಲಿಳಿಯುತ್ತಾರೆ, ಕೆಳಗೆ ತಲೆಯೆಣಿಕೆ, ಆಮೇಲೆ ಟೀ. ನಾಟಕವೇನೋ ಚೆನ್ನ, ಖಳನಾಯಕನೇ ಗೈರು.

2010ರ ಫೆಬ್ರವರಿ 23ರಂದು ಹಳೇ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಒಂಬತ್ತು ಮಂದಿ ಸತ್ತರು. ಬೆಂಕಿ ಅಷ್ಟೇನೂ ಹಬ್ಬಿರಲಿಲ್ಲ. ಹೊಗೆ ಮೇಲಿನ ಮಹಡಿಗಳನ್ನು ತುಂಬಿತು. ಉಸಿರಾಡಲಾಗದೆ ಕೆಲವರು ಕಿಟಕಿಯಿಂದ ಜಿಗಿದರು. ಮೃತರ ಆಪ್ತರು ‘ಬಿಯಾಂಡ್ ಕಾರ್ಲ್‌ಟನ್’ ಕಟ್ಟಿ ಎಚ್ಚರಿಸುತ್ತ ಬಂದರೂ ನಮ್ಮ ತಾಲೀಮು ಇವತ್ತಿಗೂ ಜ್ವಾಲೆಗೇ ಅಂಜುತ್ತದೆ.

ಕಚೇರಿಯೊಳಗೆ ಏನೇನಿದೆ ನೋಡಿ: ಕುರ್ಚಿಗೆ ಪಾಲಿಯುರೆಥೇನ್ ಫೋಮ್, ನೆಲಕ್ಕೆ ನೈಲಾನ್ ಕಾರ್ಪೆಟ್. ಸಾರಜನಕ ಇರುವ ಈ ವಸ್ತುಗಳು ಉರಿದರೆ ಕಾರ್ಬನ್ ಮಾನಾಕ್ಸೈಡ್ ಜತೆಗೆ ಹೈಡ್ರೋಜನ್ ಸಯನೈಡೂ ಹೊರಡುತ್ತದೆ. ಮೊದಲನೆಯದು ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಕ್ಕಿ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಎರಡನೆಯದು ಜೀವಕೋಶ ಆಮ್ಲಜನಕ ಬಳಸುವುದನ್ನೇ ತಡೆಯುತ್ತದೆ. ಒಂದು ಸರಕಿನ ಲಾರಿಯನ್ನು ಕಸಿದುಕೊಂಡರೆ ಇನ್ನೊಂದು ಗೋದಾಮಿಗೆ ಬೀಗ ಜಡಿಯುತ್ತದೆ. 2013ರಲ್ಲಿ ಬ್ರೆಜಿಲ್‌ನ ಕಿಸ್ ನೈಟ್‌ಕ್ಲಬ್ಬಿನಲ್ಲಿ 242 ಜನರ ಸಾವಿಗೆ ಕಾರಣವಾದದ್ದು ಸದ್ದು ತಡೆಯಲು ಹಚ್ಚಿದ್ದ ಫೋಮ್ ಉರಿದು ಎದ್ದ ಇಂಥದೇ ಹೊಗೆ.

ಕೋವಿಡ್ ನಂತರ ಎಲ್ಲರ ಬಳಿಯೂ ಇರುವ ಬೆರಳಿನ ಆಕ್ಸಿಮೀಟರ್ ಇಲ್ಲಿ ಸುಳ್ಳು ಹೇಳುತ್ತದೆ. ಮಾನಾಕ್ಸೈಡ್ ಹಿಡಿದ ರಕ್ತವನ್ನೂ ಆಮ್ಲಜನಕ ತುಂಬಿದ ರಕ್ತವೆಂದೇ ಓದಿ 98 ತೋರಿಸಬಲ್ಲದು. ಸುಮ್ಮನೆ ಗಾಳಿಗೆ ಕೂರಿಸಿದರೆ ರಕ್ತದಲ್ಲಿನ ಮಾನಾಕ್ಸೈಡ್ ಅರ್ಧಕ್ಕಿಳಿಯಲು ನಾಲ್ಕೈದು ಗಂಟೆ ಬೇಕು. ಶುದ್ಧ ಆಮ್ಲಜನಕ ಕೊಟ್ಟರೆ ಒಂದು, ಒಂದೂವರೆ ಗಂಟೆ ಸಾಕು. ಸಯನೈಡಿನ ಸುಳಿವು ಕೊಡುವುದು ರಕ್ತದ ಲ್ಯಾಕ್ಟೇಟ್: ದೊಡ್ಡ ಸುಟ್ಟಗಾಯ ಇಲ್ಲದವರಲ್ಲಿ ಅದು ಲೀಟರಿಗೆ 10 ಮಿಲಿಮೋಲ್ ದಾಟಿದರೆ ಶಂಕಿಸಬೇಕೆಂದು ಪ್ಯಾರಿಸ್ ವೈದ್ಯರು 1991ರಲ್ಲೇ ಬರೆದರು. ಸಯನೈಡಿನ ಪ್ರತಿವಿಷ ಹೈಡ್ರಾಕ್ಸೊಕೊಬಾಲಮಿನ್‌ಗೆ ಅಮೆರಿಕ 2006ರಲ್ಲಿ ಅನುಮತಿ ಕೊಟ್ಟಿತು. ಹಳೆಯ ಮದ್ದಾದ ನೈಟ್ರೈಟ್ ಮಾನಾಕ್ಸೈಡ್ ಕುಡಿದವರಿಗೆ ಅಪಾಯ, ಆಮ್ಲಜನಕ ಹೊರಲು ರಕ್ತದಲ್ಲಿ ಉಳಿದ ಕಸುವನ್ನೂ ಅದು ಕುಂದಿಸುತ್ತದೆ. ಅಗ್ನಿಶಾಮಕ ಸಿಲಿಂಡರಿನ ಮುಕ್ತಾಯ ದಿನಾಂಕ ನೋಡುವ ಸುರಕ್ಷತಾ ತಪಾಸಣೆ, ಪ್ರಥಮ ಚಿಕಿತ್ಸಾ ಕೊಠಡಿಯಲ್ಲಿ ಆಮ್ಲಜನಕದ ಮಾಸ್ಕ್ ಇದೆಯೇ ಎಂದೂ ಕೇಳಬೇಡವೇ?

ಇನ್ನು ಪೀಣ್ಯದ ಸಣ್ಣ ಶೆಡ್ಡುಗಳು. ಅಲ್ಲಿ ಈ ನಾಟಕವೂ ಅಪರೂಪ. 2018ರ ಜನವರಿಯಲ್ಲಿ ಕಲಾಸಿಪಾಳ್ಯದ ಬಾರೊಂದಕ್ಕೆ ನಸುಕಿನಲ್ಲಿ ಬೆಂಕಿ ಬಿದ್ದಾಗ ಒಳಗೆ ಮಲಗಿದ್ದ ಐವರು ಕೆಲಸಗಾರರು ಸತ್ತರು. ಕೆಲಸದ ಜಾಗದಲ್ಲೇ ರಾತ್ರಿ ಕಳೆಯುವವರು ಪೀಣ್ಯದಲ್ಲೂ ಇದ್ದಾರೆ. ಮಾನಾಕ್ಸೈಡಿಗೆ ವಾಸನೆಯಿಲ್ಲ, ಅದು ನಿದ್ದೆಯಿಂದ ಯಾರನ್ನೂ ಎಬ್ಬಿಸುವುದಿಲ್ಲ. ಅವರಿಗೆ ಬೇಕಿರುವುದು ಹೊಗೆ ಕಂಡೊಡನೆ ಕಿರುಚುವ ಅಲಾರಂ, ಒಳಗಿನಿಂದ ತೆರೆಯುವ ಬಾಗಿಲು. ತಾಲೀಮನ್ನೂ ಒಮ್ಮೆ ರಾತ್ರಿ ಎರಡು ಗಂಟೆಗೆ, ಷಟರ್ ಎಳೆದು, ದೀಪ ಆರಿಸಿ ನಡೆಸಲಿ.