ಹಳೆಯ ಆಟಗಳ ಹೊಸ ಆವೃತ್ತಿಗಳೂ ಅಭಿಮಾನಿಗಳ ಕೋಪವೂ

2020ನೆಯ ಇಸವಿಯ ಜನವರಿ 28ರಂದು ಅಮೆರಿಕದ ಬ್ಲಿಝಾರ್ಡ್ ಸಂಸ್ಥೆಯವರು, ಹದಿನೇಳು ವರ್ಷಗಳಿಗೂ ಹಿಂದೆ ತಾವೇ ರಚಿಸಿ ಲೋಕಪ್ರಿಯಗೊಳಿಸಿದ್ದ ‘ವಾರ್‌ಕ್ರಾಫ್ಟ್ 3’ ಎಂಬ ವಿಡಿಯೋ ಆಟವನ್ನು ‘ರಿಫೋರ್ಜ್ಡ್’ ಎಂಬ ಉಪನಾಮದೊಡನೆ ನೂತನ ವೇಷದಲ್ಲಿ ಪುನಃ ಹೊರತಂದಾಗ, ಅದರ ಬರವನ್ನು ವರ್ಷಕ್ಕೂ ಮೇಲ್ಪಟ್ಟು ಇದಿರುನೋಡುತ್ತಿದ್ದ ಅಭಿಮಾನಿಗಳಿಂದಲೇ ಅದಕ್ಕೆ ದೊರೆತ ಸ್ವಾಗತವು, ಆ ಉದ್ಯಮದವರು ಬಹುಕಾಲ ಮರೆಯಲಾರದಷ್ಟು ಕಠೋರವಾಗಿದ್ದಿತು. ಮೆಟಾಕ್ರಿಟಿಕ್ ಎಂಬ ವಿಮರ್ಶಾಜಾಲತಾಣದಲ್ಲಿ ಸಾಮಾನ್ಯ ಆಟಗಾರರು ಕೊಟ್ಟ ಅಂಕಗಳ ಸರಾಸರಿಯು ಹತ್ತಕ್ಕೆ ಒಂದನ್ನೂ ಮುಟ್ಟಲಿಲ್ಲ. ಕೆಲವೇ ದಿನಗಳಲ್ಲಿ ಸಂಸ್ಥೆಯವರು, ಕೇಳಿದವರಿಗೆಲ್ಲ ಹಣವನ್ನು ಹಿಂದಿರುಗಿಸುವ ಏರ್ಪಾಡನ್ನು ಮಾಡಬೇಕಾಯಿತು. ಇಂಥ ಕೋಪಕ್ಕೆ ಸಿದ್ಧವಾಗಿರುವ ವಿವರಣೆಯೊಂದುಂಟು: ಇವರು ಕಳೆದುಹೋದ ಬಾಲ್ಯವನ್ನು ಹಂಬಲಿಸುವವರು, ಹದಿನೈದನೆಯ ವಯಸ್ಸಿನಲ್ಲಿ ರುಚಿಸಿದುದು ಮೂವತ್ತೈದರಲ್ಲಿಯೂ ಅಂತೆಯೇ ರುಚಿಸಬೇಕೆಂದು ಹಟ ಹಿಡಿದವರು, ಇವರನ್ನು ತೃಪ್ತಿಪಡಿಸುವುದು ಬ್ರಹ್ಮನಿಂದಲೂ ಆಗದ ಮಾತು. ಈ ವಿವರಣೆಯು ಕೋಪಗೊಂಡವರ ಸ್ವಭಾವವನ್ನು ಹೇಳುವುದೇ ಹೊರತು ಕೋಪದ ವಿಷಯವನ್ನು ಹೇಳುವುದಿಲ್ಲ. ಅಭಿಮಾನಿಗಳು ಯಾವುದನ್ನು ಹೊಗಳಿದರು, ಯಾವುದನ್ನು ಮನ್ನಿಸಿದರು, ಯಾವುದನ್ನು ಎಷ್ಟು ಮಾತ್ರಕ್ಕೂ ಮನ್ನಿಸದೆ ಹೋದರು ಎಂಬುದನ್ನು ತಾಳ್ಮೆಯಿಂದ ನೋಡುತ್ತ ಹೋದರೆ, ಆ ಗದ್ದಲದ ಒಡಲಲ್ಲಿ ಶ್ರದ್ಧಾವಂತವಾದ ವಿಮರ್ಶೆಯೊಂದು ಇರುವುದೆಂದೇ ನನ್ನ ದೃಢವಾದ ಅಭಿಪ್ರಾಯ.

ಮೂಲಕೃತಿಯ ಯೋಗ್ಯತೆಯನ್ನು ಮೊದಲು ತಿಳಿಯಬೇಕು. 2002ರ ಜುಲೈನಲ್ಲಿ ಪ್ರಕಟವಾದ ಆ ಆಟದಲ್ಲಿ ಸೈನ್ಯಗಳನ್ನು ಕಟ್ಟಿ ಕಾದಾಡುವ ಚಾತುರ್ಯದೊಡನೆ, ಆರ್ಥಸ್ ಎಂಬ ರಾಜಕುಮಾರನ ಅಧಃಪತನದ ಕಥೆಯೂ ಹೆಣೆದುಕೊಂಡಿದ್ದಿತು. ಪ್ರಜೆಗಳನ್ನು ರಕ್ಷಿಸುವ ಆತುರದಲ್ಲಿಯೇ ಪ್ರಜಾಹಂತಕನಾಗಿ, ಕಟ್ಟಕಡೆಗೆ ಪಿತೃಹಂತಕನಾಗುವ ಆ ತರುಣನ ಪಾತ್ರವು ಈ ಮಾಧ್ಯಮದ ದುರಂತಪಾತ್ರಗಳಲ್ಲಿ ಗಣ್ಯವಾದುದು. ಇದಲ್ಲದೆ, ಆಟದೊಡನೆಯೇ ‘ವರ್ಲ್ಡ್ ಎಡಿಟರ್’ ಎಂಬ ಸಲಕರಣೆಯೊಂದನ್ನು ಕರ್ತೃಗಳು ಉದಾರವಾಗಿ ಕೊಟ್ಟಿದ್ದರು. ಅದರ ಬಲದಿಂದ ಆಟಗಾರರು ತಮಗೆ ಬೇಕಾದ ನೆಲಗಳನ್ನೂ ನಿಯಮಗಳನ್ನೂ ಕಟ್ಟಿಕೊಂಡರು. ‘ಡಿಫೆನ್ಸ್ ಆಫ್ ದಿ ಏನ್ಷೆಂಟ್ಸ್’, ಎಂದರೆ ‘ಡೋಟಾ’, ಹುಟ್ಟಿದುದು ಹೀಗೆ. ಬೆಂಗಳೂರಿನ ಸೈಬರ್ ಕೆಫೆಗಳಲ್ಲಿಯೂ ಇಂಜಿನಿಯರಿಂಗ್ ಕಾಲೇಜುಗಳ ಹಾಸ್ಟೆಲುಗಳಲ್ಲಿಯೂ ಐವರಿಗೆ ಐವರು ಇದಿರಾಗಿ ಕುಳಿತು ಇರುಳೆಲ್ಲ ಆಡಿದ ಒಂದು ತಲೆಮಾರಿಗೆ ವಾರ್‌ಕ್ರಾಫ್ಟ್ ಎಂಬುದು ಪರಿಚಿತವಾದುದೇ ಡೋಟಾದ ಮೂಲಕ. ಕರ್ತೃವು ಕೊಟ್ಟುದರ ಮೇಲೆ ಓದುಗರು ತಮ್ಮ ಕೃತಿಯನ್ನು ಬರೆದು, ಆ ಎರಡನೆಯ ಕೃತಿಯೂ ಮೊದಲನೆಯದರಷ್ಟೇ ಕೀರ್ತಿ ಪಡೆದ ಸಂದರ್ಭಗಳು ಯಾವ ಕಲೆಯಲ್ಲಿಯೂ ಹೆಚ್ಚಿಲ್ಲ.

ಇಂಥ ಕೃತಿಯನ್ನು ನವೀಕರಿಸುವೆವೆಂದು 2018ರ ನವೆಂಬರಿನಲ್ಲಿ ಆನಹೈಮ್ ನಗರದ ಸಮಾವೇಶದಲ್ಲಿ ಸಂಸ್ಥೆಯವರು ಸಾರಿದಾಗ ಒಂದು ಪ್ರಸಂಗವನ್ನು ಮಾದರಿಯಾಗಿ ತೋರಿಸಿದರು. ಸ್ಟ್ರಾಥೋಮ್ ಎಂಬ ಪಟ್ಟಣದ ಜನರು ವಿಷಧಾನ್ಯವನ್ನು ತಿಂದಿದ್ದಾರೆ, ಇನ್ನು ಸ್ವಲ್ಪ ಹೊತ್ತಿನಲ್ಲಿ ಅವರು ಪ್ರೇತರೂಪವನ್ನು ತಾಳುವರು. ಆದುದರಿಂದ ಊರಿಗೆ ಊರನ್ನೇ ಸಂಹರಿಸಬೇಕೆಂದು ಆರ್ಥಸನು ಆಜ್ಞೆ ಮಾಡುತ್ತಾನೆ. ಗುರುವಾದ ಊಥರನು ಒಪ್ಪದೆ ತಿರುಗಿ ಹೋಗುತ್ತಾನೆ. ಪ್ರಿಯೆಯಾದ ಜೈನಾಳೂ ಆ ದೃಶ್ಯವನ್ನು ನೋಡಲಾರೆನೆಂದು ಹೊರಡುತ್ತಾಳೆ. 2002ರಲ್ಲಿ ಇದೆಲ್ಲವನ್ನೂ ಆಕಾಶದಿಂದ ನೋಡಿದಂತೆ, ಬೆರಳುದ್ದದ ಬೊಂಬೆಗಳ ಚಲನೆಯಿಂದಲೂ ನಟರ ಕಂಠದಿಂದಲೂ ನಿರ್ವಹಿಸಿದ್ದರು. ಸಮಾವೇಶದ ಮಾದರಿಯಲ್ಲಾದರೋ ದೃಷ್ಟಿಯು ನೆಲಕ್ಕಿಳಿದಿದ್ದಿತು. ಮಾತನಾಡುವವರ ಮುಖಭಾವಗಳನ್ನು ಹತ್ತಿರದಿಂದ ಕಾಣಬಹುದಾಗಿದ್ದಿತು. ನಾಲ್ಕು ಗಂಟೆಗಳಷ್ಟು ದೃಶ್ಯಗಳನ್ನು ಈ ರೀತಿ ಪರಿಷ್ಕರಿಸುವೆವೆಂಬುದು ಸಂಸ್ಥೆಯ ಭರವಸೆ. ಆದರೆ ಕೈಗೆ ಬಂದ ಆಟದಲ್ಲಿ ದೃಷ್ಟಿಯು ಮೊದಲಿನಂತೆಯೇ ಮೇಲಕ್ಕೇರಿ ಕುಳಿತಿತು. ಬೊಂಬೆಗಳಿಗೆ ಸೂಕ್ಷ್ಮವಾದ ಕವಚಾಭರಣಗಳು ಬಂದಿದ್ದುವು, ಆದರೆ ಅವನ್ನು ಕಾಣುವಷ್ಟು ಹತ್ತಿರಕ್ಕೆ ನೋಡುವವನನ್ನು ಕರೆದೊಯ್ಯುವ ವ್ಯವಸ್ಥೆಯೇ ಇರಲಿಲ್ಲ. ಹಳೆಯ ಬೊಂಬೆಗಳಲ್ಲಿ ಬಣ್ಣಗಳು ಗಾಢವಾಗಿಯೂ ಆಕಾರಗಳು ಸ್ಥೂಲವಾಗಿಯೂ ಇದ್ದುದರಿಂದ ಯುದ್ಧದ ಗಲಿಬಿಲಿಯಲ್ಲಿ ಯಾರು ಯಾರೆಂಬುದು ಕ್ಷಣಾರ್ಧದಲ್ಲಿ ತಿಳಿಯುತ್ತಿದ್ದಿತು. ಹೊಸ ಬೊಂಬೆಗಳ ಅಲಂಕಾರಬಾಹುಳ್ಯದಲ್ಲಿ ಆ ಸ್ಪಷ್ಟತೆ ಮಸುಕಾಯಿತು. ಅಲಂಕಾರವು ಔಚಿತ್ಯವನ್ನು ಮೀರಿದರೆ ರಸಭಂಗವಾಗುವುದೆಂದು ನಮ್ಮ ಲಾಕ್ಷಣಿಕರು ಹೇಳಿದುದನ್ನು, ಆ ಶಾಸ್ತ್ರದ ಹೆಸರನ್ನೂ ಕೇಳದ ಆಟಗಾರರು ತಮ್ಮ ಅನುಭವದಿಂದಲೇ ಕಂಡುಕೊಂಡು ಹೇಳಿದರು. ನವೀಕರಣಕಾರ್ಯಕ್ಕೆ ಬೇಕಾದಷ್ಟು ಹಣವನ್ನು ಸಂಸ್ಥೆಯು ಕೊಡದೆಹೋದುದು ಈ ಕೊರತೆಗಳಿಗೆ ಮುಖ್ಯವಾದ ಒಂದು ಕಾರಣವೆಂಬ ಸಂಗತಿಯು 2021ರಲ್ಲಿ ಬ್ಲೂಂಬರ್ಗ್ ವಾರ್ತಾಸಂಸ್ಥೆಯ ವರದಿಯಿಂದ ಹೊರಬಿದ್ದಿತು.

ಇಷ್ಟೇ ಆಗಿದ್ದರೆ ನಿರಾಶೆಯಾಗುತ್ತಿದ್ದಿತು, ಕೋಪ ಬರುತ್ತಿರಲಿಲ್ಲ. ಕೋಪಕ್ಕೆ ನಿಜವಾದ ಕಾರಣವು ಬೇರೆ. ಹೊಸದನ್ನು ಕೊಳ್ಳದೆ, ಹಳೆಯದನ್ನೇ ನೆಮ್ಮದಿಯಾಗಿ ಆಡಿಕೊಂಡಿದ್ದವರು ಸಹ ಸಂಸ್ಥೆಯ ಜಾಲಕ್ಕೆ ಬಂದರೆ, ಮೊದಲಿನದಕ್ಕಿಂತ ಹಲವು ಪಟ್ಟು ದೊಡ್ಡದಾದ ಹೊಸ ತಂತ್ರಾಂಶವನ್ನೇ ಇಳಿಸಿಕೊಳ್ಳಬೇಕಾಯಿತು; ಆ ಹೊಸ ತಂತ್ರಾಂಶದಲ್ಲಿ ಅರ್ಹತಾಶ್ರೇಣಿಯ ಪಂದ್ಯಗಳಿರಲಿಲ್ಲ, ಕೂಟಗಳಿರಲಿಲ್ಲ, ಆಟಗಾರರು ರಚಿಸಿದ ಕಥಾಸರಣಿಗಳಿಗೆ ಸ್ಥಳವಿರಲಿಲ್ಲ. ಎಂದರೆ ಹಳೆಯ ಆವೃತ್ತಿಯ ಬಳಿಯಲ್ಲಿ ಹೊಸ ಆವೃತ್ತಿಯನ್ನು ಇರಿಸಿದುದಲ್ಲ, ಹಳೆಯದರ ಮೇಲೆಯೇ ಹೊಸದನ್ನು ಬರೆದುದು. ಓಲೆಗರಿಗಳಿಂದ ಕಾವ್ಯವನ್ನು ಸಂಪಾದಿಸುವ ವಿದ್ವಾಂಸನು ತಾನು ಅಶುದ್ಧವೆಂದು ಬಗೆದ ಪಾಠವನ್ನು ಸಹ ಅಡಿಟಿಪ್ಪಣಿಯಲ್ಲಿ ಉಳಿಸಿರುತ್ತಾನೆ. ತನ್ನ ಆಯ್ಕೆ ತಪ್ಪಾಗಿದ್ದರೆ ಮುಂದಿನವನು ತಿದ್ದಿಕೊಳ್ಳಲೆಂಬ ವಿನಯವೇ ಆ ಶಾಸ್ತ್ರದ ಜೀವಾಳ. ತನ್ನ ಪ್ರತಿ ಸಿದ್ಧವಾದೊಡನೆ ಮೂಲದ ಗರಿಗಳನ್ನು ಹೊಳೆಗೆ ಹಾಕುವ ಸಂಪಾದಕನನ್ನು, ಅವನ ಪ್ರತಿ ಎಷ್ಟೇ ಸುಂದರವಾಗಿರಲಿ, ಯಾವ ವಿದ್ವತ್ಸಭೆಯೂ ಕ್ಷಮಿಸಲಾರದು. ಸಾಲದುದಕ್ಕೆ, ಆಟಗಾರರು ಇನ್ನು ಮುಂದೆ ರಚಿಸುವ ಆಟಗಳ ಒಡೆತನವೂ ತನ್ನದೇ ಎಂಬ ಕರಾರನ್ನು ಸಂಸ್ಥೆಯು ಸೇರಿಸಿದ್ದಿತು. ಡೋಟಾ ಕೈತಪ್ಪಿ ವಾಲ್ವ್ ಎಂಬ ಬೇರೊಂದು ಸಂಸ್ಥೆಯ ಸೊತ್ತಾದ ಕಹಿ ನೆನಪು ಇದರ ಹಿಂದೆ ಇದ್ದಿರಲೂಬಹುದು. ಎಡಿಟರನ್ನು ಕೊಟ್ಟಿದ್ದ 2002ರ ಔದಾರ್ಯವೆಲ್ಲಿ, ಈ ಕರಾರೆಲ್ಲಿ!

ಇದೇ ಸಂಸ್ಥೆಯು ಸುಮಾರು ಎರಡೂವರೆ ವರ್ಷಗಳಿಗೆ ಮೊದಲು ಮಾಡಿದ್ದ ಇನ್ನೊಂದು ನವೀಕರಣವನ್ನು ಇದರ ಪಕ್ಕದಲ್ಲಿ ನಿಲ್ಲಿಸಿ ನೋಡಿದರೆ, ಅಭಿಮಾನಿಗಳು ನವೀಕರಣವನ್ನೇ ದ್ವೇಷಿಸುವವರೆಂಬ ಮಾತು ನಿಲ್ಲುವುದಿಲ್ಲ. 1998ರ ‘ಸ್ಟಾರ್‌ಕ್ರಾಫ್ಟ್’ ಆಟವು ದಕ್ಷಿಣ ಕೊರಿಯಾದಲ್ಲಿ ವೃತ್ತಿಪರ ಕ್ರೀಡೆಯಾಗಿ ಬೆಳೆದು, ದೂರದರ್ಶನದಲ್ಲಿ ಪ್ರಸಾರವಾಗಿ, ಆ ನಾಡಿನ ಜನಜೀವನದ ಅಂಗವೇ ಆಗಿಹೋಗಿದ್ದಿತು. 2017ರಲ್ಲಿ ಅದನ್ನು ನವೀಕರಿಸುವಾಗ ಸಂಸ್ಥೆಯವರು ಚಿತ್ರಗಳನ್ನೂ ಧ್ವನಿಯನ್ನೂ ಮಾತ್ರ ಶುಭ್ರಗೊಳಿಸಿ, ಆಟದ ನಡೆಯನ್ನು ಕೂದಲೆಳೆಯಷ್ಟೂ ಕದಲಿಸಲಿಲ್ಲ. ಕೀಲಿಮಣೆಯ ಒಂದು ಕೀಲಿಯನ್ನು ಒತ್ತಿದರೆ ಹೊಸ ಚಿತ್ರ ಹೋಗಿ ಹಳೆಯ ಚಿತ್ರ ಬರುವಂತೆ ಮಾಡಿದರು. ಮೂಲದ ಆಟವನ್ನಾದರೋ ಎಲ್ಲರಿಗೂ ಉಚಿತವಾಗಿಯೇ ಬಿಟ್ಟುಕೊಟ್ಟರು. ಆ ಆಟದಲ್ಲಿ ಒಮ್ಮೆಗೆ ಹನ್ನೆರಡು ಭಟರನ್ನಲ್ಲದೆ ಹೆಚ್ಚು ಮಂದಿಯನ್ನು ಹಿಡಿದು ನಡೆಸಲಾಗದು. ಇಂದಿನ ಗಣಕಯಂತ್ರಗಳಿಗೆ ಅದು ಅರ್ಥವಿಲ್ಲದ ನಿರ್ಬಂಧ; ಅದನ್ನು ತೆಗೆದುಹಾಕುವುದು ಒಬ್ಬ ತಂತ್ರಜ್ಞನಿಗೆ ಕಷ್ಟವೂ ಅಲ್ಲ. ಆದರೂ ಅದನ್ನು ಮುಟ್ಟಬೇಡಿರೆಂದು ಆಟಗಾರರೇ ಬೇಡಿಕೊಂಡರು. ಏಕೆಂದರೆ, ರೆಕ್ಕೆಯುಳ್ಳ ಮ್ಯೂಟಲಿಸ್ಕ್ ಎಂಬ ಜೀವಿಗಳನ್ನು ಹನ್ನೊಂದನ್ನು ಹಿಡಿದು, ಹನ್ನೆರಡನೆಯದಾಗಿ ಬಹುದೂರದಲ್ಲಿರುವ ಇನ್ನಾವುದನ್ನೋ ಆ ಗುಂಪಿಗೆ ಸೇರಿಸಿಬಿಟ್ಟರೆ, ಸಾಲು ಕಾಯುವ ನಿಯಮವು ಅವುಗಳಿಗೆ ಅನ್ವಯಿಸದೆ ಹೋಗಿ, ಹನ್ನೊಂದೂ ಒಂದೇ ಬಿಂದುವಿನಲ್ಲಿ ಒಂದರ ಮೇಲೊಂದು ಕೂಡಿಕೊಂಡು, ಒಂದೇ ದೇಹದಂತೆ ಹಾರಿ, ಒಂದೇ ಪೆಟ್ಟಿನಂತೆ ಹೊಡೆದು ಹಿಂದಿರುಗುವುವು. ಇದು ರಚಿಸಿದವರ ಸಂಕಲ್ಪದಲ್ಲಿ ಇರಲಿಲ್ಲ; ಆಡುತ್ತ ಆಡುತ್ತ ಆಟಗಾರರು ಕಂಡುಕೊಂಡುದು. ಅದನ್ನು ಕಲಿಯಲು ತಿಂಗಳುಗಟ್ಟಲೆ ಅಭ್ಯಾಸ ಬೇಕು. ಅದನ್ನು ತಡೆಯುವ ಉಪಾಯಗಳನ್ನು ಕಂಡುಹಿಡಿದು ಹಲವರು ಪ್ರಸಿದ್ಧರಾದರು. ಮೂಲದ ದೋಷವೇ ಕಾಲಕ್ರಮದಲ್ಲಿ ಕಲೆಯ ವ್ಯಾಕರಣವಾಗಿ ನಿಂತಿದ್ದಿತು. ಆ ದೋಷವನ್ನು ತಿದ್ದುವುದೆಂದರೆ ಇಪ್ಪತ್ತು ವರ್ಷಗಳ ಸಾಧನೆಯನ್ನು ಅಳಿಸುವುದೆಂದೇ ಅರ್ಥ. ಈ ವಿವೇಕವು ಯಾವ ಕಾರ್ಯಾಲಯದಲ್ಲಿಯೂ ತಾನಾಗಿ ಹುಟ್ಟುವುದಿಲ್ಲ. ಆಟದೊಳಗೆ ಬಾಳಿದವರನ್ನು ಕೇಳಿಯೇ ತಿಳಿಯಬೇಕು. ಅಂದು ಕೇಳಿದ್ದರು, ಆದುದರಿಂದ ಅಭಿಮಾನಿಗಳು ಅಂದು ಮೆಚ್ಚಿಯೂ ಮೆಚ್ಚಿದರು.

ಅಜ್ಞನಾದ ಲಿಪಿಕಾರನ ಕೈಗೆ ಪ್ರತಿ ಸಿಕ್ಕಿದರೆ ಏನಾಗುವುದೆಂಬುದಕ್ಕೆ ರಾಕ್‌ಸ್ಟಾರ್ ಸಂಸ್ಥೆಯವರು 2021ರ ನವೆಂಬರ್ 11ರಂದು ಹೊರತಂದ ‘ಗ್ರ್ಯಾಂಡ್ ಥೆಫ್ಟ್ ಆಟೋ’ ತ್ರಿವಳಿಯ ನವೀಕರಣವು ಉದಾಹರಣೆ. ಆ ಮೂರರಲ್ಲೊಂದಾದ 2004ರ ‘ಸ್ಯಾನ್ ಆಂಡ್ರಿಯಾಸ್’ ಆಟದಲ್ಲಿ ‘ಟಫ್ ನಟ್’ ಎಂಬ ಡೋನಟ್ ಅಂಗಡಿಯೊಂದುಂಟು. ಹೆಸರಿಗೆ ತಕ್ಕಂತೆ ಅದರ ಫಲಕದ ಮೇಲೆ ಬೋಲ್ಟಿಗೆ ತಿರುಗಿಸುವ ಆರು ಮೂಲೆಯ ನಟ್ಟನ್ನು ನಿಲ್ಲಿಸಿದ್ದರು. ನವೀಕರಣದಲ್ಲಿ ಆ ಮೂಲೆಗಳು ನಯವಾಗಿ, ನಟ್ಟು ದುಂಡಗಿನ ಬಳೆಯಾಗಿ, ಫಲಕದ ವಿನೋದವೇ ಮಾಯವಾಯಿತು. ಮೂಲೆಗಳು ಹಳೆಯ ಯಂತ್ರದ ಅಸಾಮರ್ಥ್ಯದಿಂದ ಉಳಿದುವೆಂದು ತಿಳಿದು, ಅರ್ಥವನ್ನು ವಿಚಾರಿಸದೆ ನುಣುಪುಗೊಳಿಸಿದುದರ ಫಲವಿದು. ಕ್ಲಿಷ್ಟವಾದ ಹಳಗನ್ನಡದ ಶಬ್ದವನ್ನು ಕಂಡು, ಹಿಂದಿನವನು ತಪ್ಪು ಬರೆದನೆಂದು ಭಾವಿಸಿ, ತನಗೆ ಗೊತ್ತಿದ್ದ ಶಬ್ದವನ್ನು ಬರೆದುಬಿಡುವ ಲಿಪಿಕಾರನೂ ಹೀಗೆಯೇ ಮಾಡುತ್ತಾನೆ. ಅದೇ ಆಟದಲ್ಲಿ ದೂರದ ದೃಶ್ಯವನ್ನು ಮಂಜು ಕವಿದಿರುತ್ತಿದ್ದಿತು. ಅಂದಿನ ಯಂತ್ರದ ಸ್ಮೃತಿಶಕ್ತಿಯ ಅಲ್ಪತೆಯನ್ನು ಮರೆಮಾಡಲು ಬಂದ ಮಂಜು ಅದು ನಿಜ. ಆದರೆ ಅದರ ದೆಸೆಯಿಂದಲೇ ಮೂರು ನಗರಗಳ ನಡುವಣ ದಾರಿಯು ದೀರ್ಘವಾಗಿ, ನಾಡು ವಿಶಾಲವಾಗಿ ತೋರುತ್ತಿದ್ದಿತು. ಮಂಜನ್ನು ತೆಗೆದೊಡನೆ, ಬೆಟ್ಟದ ನೆತ್ತಿಯ ಮೇಲೆ ನಿಂತವನಿಗೆ ಇಡಿಯ ರಾಜ್ಯವೇ ಅಂಗೈಯಗಲವಾಗಿ ಕಂಡುಬಿಟ್ಟಿತು. ಅಭಿಮಾನಿಗಳು ಈ ನಟ್ಟನ್ನೂ ಈ ಮಂಜನ್ನೂ ಒಂದೊಂದಾಗಿ ಚಿತ್ರಸಮೇತ ತೋರಿಸಿಕೊಟ್ಟರು. ಇಲ್ಲಿಯೂ ಬಿಡುಗಡೆಗೆ ಮೊದಲೇ ಹಳೆಯ ಮೂರು ಆಟಗಳನ್ನು ಮಾರಾಟದಿಂದ ತೆಗೆದಿದ್ದರೆಂಬುದನ್ನು ನೆನೆಯಬೇಕು. ಎಂಟು ದಿನಗಳ ತರುವಾಯ ಸಂಸ್ಥೆಯು ಕ್ಷಮೆ ಕೇಳಿ, ಕಂಪ್ಯೂಟರಿನ ಮಟ್ಟಿಗೆ ಅವನ್ನು ಹಿಂದಕ್ಕೆ ತರುವೆವೆಂದು ಹೇಳಬೇಕಾಯಿತು. ಕಂಪ್ಯೂಟರಿನಲ್ಲಿ ಮಂಜು ಮಾತ್ರ ಮರಳಿ ಬರಲು 2024ರ ನವೆಂಬರಿನವರೆಗೆ ಕಾಯಬೇಕಾಯಿತು.

ಅಭಿಮಾನಿಗಳ ನಡವಳಿಕೆಯೆಲ್ಲವೂ ಪ್ರಶಂಸನೀಯವೆಂದು ನಾನು ಹೇಳಲಾರೆನು. ಆಡದೆಯೇ ಸೊನ್ನೆ ಅಂಕವನ್ನು ಎಸೆದುಹೋದವರು ವಿಮರ್ಶಕರಲ್ಲ. ಹಣದ ಕಡಿತಕ್ಕೆ ಹೊಣೆಯಾಗಿರದ, ಹಗಲಿರುಳು ದುಡಿದ ಚಿತ್ರಕಾರರನ್ನೂ ತಂತ್ರಜ್ಞರನ್ನೂ ಹೆಸರು ಹಿಡಿದು ನಿಂದಿಸುವುದು ಹೇಯವಾದುದು. ಅದಕ್ಕೆ ಪ್ರೀತಿಯ ನೆಪವು ಸಲ್ಲದು. ಮೂಲದಿಂದ ಬೇರೆಯಾಗುವ ಹಕ್ಕು ಹೊಸಬರಿಗೆ ಇಲ್ಲವೇ ಇಲ್ಲವೆಂಬ ಮಾತನ್ನೂ ನಾನು ಒಪ್ಪೆನು. ಜಪಾನಿನ ಸ್ಕ್ವೇರ್ ಎನಿಕ್ಸ್ ಸಂಸ್ಥೆಯವರು 1997ರ ‘ಫೈನಲ್ ಫ್ಯಾಂಟಸಿ 7’ ಆಟವನ್ನು 2020ರಲ್ಲಿ ಮತ್ತೆ ರಚಿಸಿದಾಗ ಯುದ್ಧದ ರೀತಿಯನ್ನು ಬದಲಿಸಿದರು. ಕಥೆಯ ಆರಂಭದ ಒಂದು ಖಂಡವನ್ನೇ ಹಿಗ್ಗಿಸಿ ಇಡಿಯ ಆಟವಾಗಿಸಿದರು. ಕಡೆಯಲ್ಲಿ ಮೂಲದ ವಿಧಿಯನ್ನೇ ಪ್ರಶ್ನಿಸುವ ಧೈರ್ಯವನ್ನು ತೋರಿದರು. ಅದರ ಮೇಲೆ ವಾದವಿವಾದಗಳು ಇಂದಿಗೂ ನಡೆದಿವೆ. ಆದರೆ ತಮ್ಮದನ್ನು ಕಸಿದುಕೊಂಡರೆಂಬ ಆಕ್ರಂದನವು ಅಲ್ಲಿ ಕೇಳಿಬರಲಿಲ್ಲ. ಏಕೆಂದರೆ 1997ರ ಆಟವು ಅದೇ ಅಂಗಡಿಗಳಲ್ಲಿ ಅಲ್ಪಬೆಲೆಗೆ ದೊರೆಯುತ್ತಲೇ ಇದ್ದಿತು. ಎರಡೂ ಕೈಯಲ್ಲಿದ್ದವರಿಗೆ ಹೋಲಿಸುವ ಸುಖವೂ ದೊರೆಯಿತು.

ರಿಫೋರ್ಜ್ಡ್‌ನ ಮುಂದಿನ ಕಥೆಯಲ್ಲಿ ಅಭಿಮಾನಿಗಳ ಪಾಲು ಬೈಗುಳಕ್ಕಿಂತ ದೊಡ್ಡದು. ಸಂಸ್ಥೆಯು ಕೊಡದೆಹೋದ ಅರ್ಹತಾಶ್ರೇಣಿಯನ್ನು ‘ಡಬ್ಲ್ಯು3 ಚಾಂಪಿಯನ್ಸ್’ ಎಂಬ ಹೆಸರಿನಲ್ಲಿ ಕೆಲವರು ಸ್ವಯಂಸೇವಕರಾಗಿ ಅದೇ ವರ್ಷ ಕಟ್ಟಿ ನಡೆಸಿದರು. ಸಂಸ್ಥೆಯದೇ ಶ್ರೇಣಿ ಬಂದುದು 2022ರಲ್ಲಿ. 2024ರ ನವೆಂಬರ್ 13ರಂದು, ವಾರ್‌ಕ್ರಾಫ್ಟಿನ ಮೂವತ್ತನೆಯ ವರ್ಷದ ಸಂದರ್ಭದಲ್ಲಿ, ಹಳೆಯ ಬೊಂಬೆಗಳನ್ನೇ ಸಂಸ್ಕರಿಸಿದ ರೂಪದಲ್ಲಿ ಆರಿಸಿಕೊಳ್ಳುವ ಅನುಕೂಲವನ್ನು ಸಂಸ್ಥೆಯವರು ಒದಗಿಸಿದರು. ಮೊದಲನೆಯ ಹಾಗೂ ಎರಡನೆಯ ವಾರ್‌ಕ್ರಾಫ್ಟ್‌ಗಳ ನವೀಕರಣಗಳನ್ನೂ ಅಂದೇ ಹೊರತಂದರು. ಇದರಿಂದ ಸಂತೋಷಪಡುತ್ತಿದ್ದವರಿಗೆ ಒಂದು ತಿಂಗಳು ತುಂಬುವುದರೊಳಗೆ ಬಂದ ಸುದ್ದಿಯೆಂದರೆ, ಹಳೆಯ ಆಟಗಳನ್ನು ಮಾರುವ ಜಿಒಜಿ ಎಂಬ ಅಂಗಡಿಯಿಂದ ಆ ಎರಡು ಆಟಗಳ ಮೂಲಪ್ರತಿಗಳನ್ನು ಡಿಸೆಂಬರ್ 13ಕ್ಕೆ ಹಿಂತೆಗೆಯಲಾಗುವುದೆಂಬುದು. ಈಗಾಗಲೇ ಕೊಂಡವರ ಪ್ರತಿಗಳನ್ನು ಕಾಪಾಡಿ, ಮುಂದಿನ ಯಂತ್ರಗಳಲ್ಲಿಯೂ ನಡೆಯುವಂತೆ ನೋಡಿಕೊಳ್ಳುವೆವೆಂದು ಅಂಗಡಿಯವರು ಮಾತು ಕೊಟ್ಟರು. ಹೊಸದರಲ್ಲಿ ಹಳೆಯ ಚಿತ್ರಗಳನ್ನು ನೋಡಲು ಅನುಕೂಲವಿರುವಾಗ ಹಳೆಯದೇಕೆಂದು ಸಂಸ್ಥೆಯ ಪರವಾಗಿ ಕೇಳಬಹುದು. ಆದರೆ ಆ ಅನುಕೂಲವು ಸಂಸ್ಥೆಯ ಇಚ್ಛೆ ಇರುವವರೆಗೆ ಮಾತ್ರ ಇರತಕ್ಕದ್ದೆಂಬುದನ್ನು 2020ರಲ್ಲಿ ಅಭಿಮಾನಿಗಳು ಕಣ್ಣಾರೆ ಕಂಡವರು. 2002ರ ಆಟವನ್ನು, ಅದರ ಸ್ಥೂಲವಾದ ಬೊಂಬೆಗಳೊಡನೆಯೂ ಉದಾರವಾದ ಎಡಿಟರಿನೊಡನೆಯೂ, ಅಂದು ಇದ್ದಂತೆಯೇ ಹೊಸದರ ಪಕ್ಕದಲ್ಲಿ ಮಾರಾಟಕ್ಕಿಡಲು ಸಂಸ್ಥೆಗೆ ತಗಲುವ ಶ್ರಮ ಅತ್ಯಲ್ಪ; ಅದನ್ನು ಇಡುವವರೆಗೆ ಈ ಜನರು ಸುಮ್ಮನಾಗಬೇಕೆಂದು ಹೇಳುವ ಅಧಿಕಾರ ಯಾರಿಗೂ ಇಲ್ಲ.