ಜನವರಿ 31ರ ಪಲ್ಲವಿ

ಒಂದೇ ತಾರೀಖಿಗೆ ಹುಟ್ಟಿದವರ ಹಣೆಬರಹವೂ ಒಂದೇ ಎಂದು ನಂಬುವವನಲ್ಲ ನಾನು. ಆದರೆ ಜನವರಿ 31 ಬಂದಾಗ ಮಾತ್ರ ಕಿವಿ ಸುಮ್ಮನಿರುವುದಿಲ್ಲ. 1797ರಲ್ಲಿ ವಿಯೆನ್ನಾದ ಹೊರವಲಯದಲ್ಲಿ ಶೂಬರ್ಟ್, 1896ರಲ್ಲಿ ಧಾರವಾಡದಲ್ಲಿ ದ. ರಾ. ಬೇಂದ್ರೆ, 1937ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಫಿಲಿಪ್ ಗ್ಲಾಸ್ ಹುಟ್ಟಿದ್ದು ಅಂದು. ಅಂದದ್ದನ್ನೇ ಮತ್ತೆ ಅಂದು ಮೋಡಿ ಮಾಡುವುದರಲ್ಲಿ ಮೂವರೂ ಪಳಗಿದವರು.

ಶೂಬರ್ಟನಿಂದ ಶುರುಮಾಡೋಣ. ಬದುಕಿದ್ದು 31 ವರ್ಷ, ಬಿಟ್ಟುಹೋದ ಹಾಡುಗಳು 600ಕ್ಕೂ ಹೆಚ್ಚು. 1814ರ ಅಕ್ಟೋಬರ್ 19ರಂದು, ಇನ್ನೂ 17ರ ಹುಡುಗ, ಗಯಟೆಯ ‘ಫೌಸ್ಟ್’ ನಾಟಕದ ಗ್ರೆಚೆನ್‌ಳ ಹಾಡಿಗೆ ರಾಗ ಹಾಕಿದ. ಹುಡುಗಿ ನೂಲುತ್ತ ಕೂತಿದ್ದಾಳೆ, ಮನಸ್ಸು ನಲ್ಲನ ಹಿಂದೆ ಹೋಗಿದೆ. ಪಿಯಾನೊದ ಬಲಗೈಯಲ್ಲಿ ರಾಟೆ ಗಿರಗಿರನೆ ಸುತ್ತುತ್ತದೆ, ಎಡಗೈಯಲ್ಲಿ ಅದನ್ನು ತುಳಿಯುವ ಕಾಲು. ಅವನ ನಡಿಗೆ, ಕಣ್ಣು, ಮಾತು, ಕೈ ಒಂದೊಂದೇ ನೆನಪಾಗಿ ದನಿ ಏರುತ್ತ ಹೋಗಿ ಮುತ್ತಿನ ನೆನಪಿಗೆ ಬಂದಾಗ ರಾಟೆ ಗಕ್ಕನೆ ನಿಲ್ಲುತ್ತದೆ. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಪಿಯಾನೊ ತಡವರಿಸುತ್ತದೆ: ಒಂದು ಸುತ್ತು, ನಿಂತಿತು, ಮತ್ತೊಂದು, ನಿಂತಿತು, ಕೊನೆಗೆ ಹೇಗೋ ಗತಿ ಹಿಡಿಯಿತು. ಪಲ್ಲವಿಯ ಮಾತು ಅದೇ, ಧಾಟಿ ಅದೇ, ಆದರೆ ಮುತ್ತಿನ ಆಚೆ ನಿಂತು ಕೇಳುವ ನಮಗೆ ಅದು ಬೇರೆ ಹಾಡು. ಗಯಟೆಯ ಪದ್ಯ ಪಲ್ಲವಿಯಲ್ಲಿ ಮುಗಿಯುವುದಿಲ್ಲ. ಶೂಬರ್ಟ್ ತಾನೇ ಅದನ್ನು ಕೊನೆಗೆ ತಂದಿಟ್ಟ. ಕವಿಯನ್ನು ತಿದ್ದಿದ ಹುಡುಗನ ಧೈರ್ಯ ಮೆಚ್ಚಬೇಕು.

ಬೇಂದ್ರೆಯವರಲ್ಲಿ ಈ ರುಚಿಗೆ ‘ಗರಿ’ (1932) ಸಂಕಲನದ ಆ ಹಕ್ಕಿಯ ಪದ್ಯ ಸಾಕು. ಶಾಲೆಯಲ್ಲಿ ಬಾಯಿಪಾಠ ಮಾಡಿಸಿದ್ದರಿಂದ ನಮ್ಮಲ್ಲಿ ಬಹಳ ಮಂದಿ ಅದನ್ನು ಕೇಳುವುದನ್ನೇ ಬಿಟ್ಟಿದ್ದೇವೆ. ಪ್ರತಿ ನುಡಿಯ ಕೊನೆಗೂ ಒಂದೇ ಪ್ರಶ್ನೆ. ಮೊದಲ ಸಲ ಕೇಳಿದಾಗ ಹಗಲಿರುಳಿನ ಮಾತು. ರೆಪ್ಪೆ ಬಡಿಯುವಷ್ಟರಲ್ಲಿ ಆಗಿಹೋಗುವ ಹಾರಾಟ. ಮುಂದೆ ಅದೇ ಹಕ್ಕಿ ಸಾಮ್ರಾಜ್ಯಗಳನ್ನು ಮುಕ್ಕುತ್ತದೆ, ಶುಕ್ರ, ಚಂದ್ರ, ಮಂಗಳದವರೆಗೂ ಹೋಗಿಬರುತ್ತದೆ. ಪ್ರಶ್ನೆಯಲ್ಲಿ ಒಂದಕ್ಷರವೂ ಬದಲಾಗಿಲ್ಲ, ಹಕ್ಕಿಯ ರೆಕ್ಕೆ ಮಾತ್ರ ಆಕಾಶದುದ್ದ ಆಗಿದೆ. ಮೊದಲು ಮಕ್ಕಳನ್ನು ಕರೆದು ತೋರಿಸಿದಂತಿದ್ದ ಮಾತು ಕೊನೆಗೆ ಎದೆ ಝಲ್ಲೆನಿಸುತ್ತದೆ.

ಚೆಕಾಫ್‌ನ ‘ಮೂವರು ಸೋದರಿಯರು’ ಮಾಸ್ಕೋ ಆರ್ಟ್ ಥಿಯೇಟರಿನಲ್ಲಿ ಮೊದಲು ರಂಗಕ್ಕೆ ಬಂದದ್ದೂ 1901ರ ಜನವರಿ 31ಕ್ಕೇ. ಅದು ರಷ್ಯದ ಹಳೆಯ ಪಂಚಾಂಗದ ಲೆಕ್ಕ; ನಮ್ಮ ಕ್ಯಾಲೆಂಡರಿನಲ್ಲಿ ಫೆಬ್ರವರಿ 13 ಆಗುತ್ತದೆ. ಆದರೂ ಬಿಡಲು ಮನಸ್ಸಿಲ್ಲ. ಮಾಸ್ಕೋಗೆ ಹೋಗಬೇಕೆಂಬ ಅಕ್ಕತಂಗಿಯರ ಹಂಬಲವೂ ಒಂದು ಪಲ್ಲವಿ ತಾನೆ? ನಾಟಕ ತೆರೆಯುವುದೇ ಕಿರಿಯಳ ಹೆಸರಿನ ಹಬ್ಬದ ದಿನ. ಹೋದ ವರ್ಷ ಅದೇ ತಾರೀಖಿಗೆ ಅವರ ಅಪ್ಪ ತೀರಿಕೊಂಡಿದ್ದ.

ಗ್ಲಾಸ್‌ನ ಅಪ್ಪನದು ಗ್ರಾಮಫೋನ್ ರೆಕಾರ್ಡಿನ ಅಂಗಡಿ. ಮಾರಾಟವಾಗದ ತಟ್ಟೆಗಳನ್ನು, ಇವು ಯಾಕೆ ಹೋಗಲಿಲ್ಲ ಎಂದು ಕೇಳಿ ನೋಡಲು ಮನೆಗೆ ತರುತ್ತಿದ್ದ. ಅದರಲ್ಲಿ ಶೂಬರ್ಟನ ಪಿಯಾನೊ ಟ್ರಿಯೊ ಕೂಡ ಇತ್ತು. ಗಿರಾಕಿಗಳು ಬೇಡವೆಂದದ್ದು ಮಗನ ಪಾಲಿಗೆ ಬಂತು! ಮುಂದೆ 1960ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ, ಸಿನಿಮಾವೊಂದಕ್ಕೆ ರವಿಶಂಕರ್ ಕೊಟ್ಟ ಸಂಗೀತವನ್ನು ಪಾಶ್ಚಾತ್ಯ ಸ್ವರಲಿಪಿಗೆ ಇಳಿಸುವ ಕೆಲಸ ಸಿಕ್ಕಿತು. ಬರೆದು ನುಡಿಸಿದರೆ ತಬಲಾದ ಅಲ್ಲಾ ರಖಾ ಒಪ್ಪಲಿಲ್ಲ, ಒತ್ತು ಎಲ್ಲೆಲ್ಲೋ ಬೀಳುತ್ತಿತ್ತು. ಸಾಲು ಕತ್ತರಿಸುವ ಅಡ್ಡಗೆರೆಗಳನ್ನು ಅಳಿಸಿದ ಮೇಲೆ ಕಂಡದ್ದು ಎರಡು, ಮೂರರ ಗುಂಪುಗಳಲ್ಲಿ ಸುತ್ತಿ ಬರುವ ಆವರ್ತನ.

1980ರಲ್ಲಿ ರಾಟರ್‌ಡ್ಯಾಮ್‌ನಲ್ಲಿ ಮೊದಲ ಪ್ರದರ್ಶನ ಕಂಡ ಅವನ ‘ಸತ್ಯಾಗ್ರಹ’ ಒಪೆರಾ ದಕ್ಷಿಣ ಆಫ್ರಿಕದ ಗಾಂಧಿಯ ಕಥೆ. ಹಾಡುಗಳೆಲ್ಲ ಭಗವದ್ಗೀತೆಯ ಸಂಸ್ಕೃತದಲ್ಲಿ. ಕೊನೆಯ ದೃಶ್ಯದಲ್ಲಿ ಗಾಂಧಿ ಹಾಡುವುದು ನಾಲ್ಕನೆಯ ಅಧ್ಯಾಯದ್ದು, ನಿನಗೂ ನನಗೂ ಎಷ್ಟೋ ಜನ್ಮಗಳು ಕಳೆದಿವೆ ಎಂದು ಕೃಷ್ಣ ಅರ್ಜುನನಿಗೆ ಹೇಳುವ ಭಾಗ. ಸ್ವರಗಳು ಮೆಟ್ಟಿಲು ಮೆಟ್ಟಿಲಾಗಿ ಏರಿ ಮುಗಿಯುತ್ತವೆ, ಮತ್ತೆ ಬುಡದಿಂದ ಏರುತ್ತವೆ. ಕೇಳಲು ಬೇಸರ ಎನ್ನುವವರಿದ್ದಾರೆ. ಐದಾರು ಸಲ ಏರುವವರೆಗೆ ನನಗೂ ಹಾಗೇ ಅನ್ನಿಸುತ್ತದೆ. ಆಮೇಲೆ ಕಿವಿ ಗಾಯಕನನ್ನು ಬಿಟ್ಟು ಕೆಳಗಿನ ವಾದ್ಯಗಳ ಕಡೆ ಹೊರಳುತ್ತದೆ. ಅಲ್ಲಿ ಸ್ವರಮೇಳ ಸದ್ದಿಲ್ಲದೆ ನೆಲವನ್ನೇ ಬದಲಿಸುತ್ತಿರುತ್ತದೆ.